ಹಸ್ತಪ್ರತಿ ಕಳುಹಿಸಿದ ಮೇಲೆ ಕಂಡ ತಪ್ಪುಗಳು: ಸಂಪಾದಕಿಯೊಂದಿಗೆ ಪ್ರಶ್ನೋತ್ತರ

ಪ್ರಶ್ನೆ (ಶಿಕ್ಷಕಿ, ಆಳಂದ): ಅಕ್ಕಾ, ಶರಣಾರ್ಥಿ. ತೊಗರಿ ಬೆಳೆಯುವ ಕುಟುಂಬವೊಂದರ ಕಥೆಯನ್ನು ಕನ್ನಡದಲ್ಲಿ ಕಾದಂಬರಿಯಾಗಿ ಬರೆದು, ನಾನೇ ಇಂಗ್ಲಿಷಿಗೆ ಅನುವಾದಿಸಿ, ಕಳೆದ ವಾರ ಲಂಡನ್ನಿನ ಸಾಹಿತ್ಯ ಏಜೆಂಟರೊಬ್ಬರಿಗೆ (ಲೇಖಕರ ಪರವಾಗಿ ಪ್ರಕಾಶಕರೊಂದಿಗೆ ವ್ಯವಹರಿಸುವವರು) ಪರಿಚಯ ಪತ್ರ, ಕಥಾಸಾರ ಮತ್ತು ಮೊದಲ ಮೂರು ಅಧ್ಯಾಯಗಳನ್ನು ಇಮೇಲ್ ಮಾಡಿದೆ. ಅಂದು ರಾತ್ರಿ ತೆರೆದು ನೋಡಿದರೆ ಪತ್ರದಲ್ಲಿ ಒಂದು ಪದ ಎರಡು ಸಲ ಬಿದ್ದಿದೆ, ಎರಡನೆಯ ಅಧ್ಯಾಯದಲ್ಲಿ ಒಂದು ಕಡೆ ಗುಲ್ಬರ್ಗಾ ಎಂದೂ ಇನ್ನೊಂದು ಕಡೆ ಕಲಬುರಗಿ ಎಂದೂ ಇದೆ. ಕ್ಷಮೆ ಕೇಳಿ ತಿದ್ದಿದ ಪ್ರತಿಯನ್ನು ಮತ್ತೆ ಕಳುಹಿಸಲೇ?

ಉತ್ತರ: ಶರಣಾರ್ಥಿ. ಕಳುಹಿಸಬೇಡಿ. ಏಜೆನ್ಸಿಗೆ ಬರುವ ಹಸ್ತಪ್ರತಿಗಳನ್ನು ಓದುವ ಕೆಲಸವನ್ನು ನಾನು ಹಲವು ವರ್ಷ ಮಾಡಿದ್ದೇನೆ. ಏಜೆಂಟರ ದಿನದ ಬಹುಪಾಲು ಈಗಾಗಲೇ ಒಪ್ಪಿಕೊಂಡ ಲೇಖಕರ ಕರಾರು, ಹಣಪಾವತಿ ಮತ್ತು ಪ್ರಕಾಶಕರೊಂದಿಗಿನ ಮಾತುಕತೆಯಲ್ಲೇ ಕಳೆಯುತ್ತದೆ. ಹೊಸಬರ ಬರವಣಿಗೆಯನ್ನು ಅವರು ಓದುವುದು ಉಳಿದ ಹೊತ್ತಿನಲ್ಲಿ. ಆಗ ಅವರು ನೋಡುವುದು ಈ ದನಿಯ ಜೊತೆ ಮುನ್ನೂರು ಪುಟ ಸಾಗಬಹುದೇ, ಇದನ್ನು ಯಾವ ಪ್ರಕಾಶಕರ ಮುಂದೆ ಇಡಬಹುದು ಎಂಬ ಎರಡು ಸಂಗತಿಗಳನ್ನು. ಎರಡು ಸಲ ಬಿದ್ದ ಪದವನ್ನು ಅವರು ಗಮನಿಸದೇ ಇರಬಹುದು, ಗಮನಿಸಿದರೂ ಮುಂದೆ ಹೋಗುತ್ತಾರೆ, ಏಕೆಂದರೆ ಪುಸ್ತಕ ಅಚ್ಚಾಗುವ ಮೊದಲು ಸಂಪಾದಕರೂ ಕರಡು ತಿದ್ದುವವರೂ ಅದನ್ನು ಹೇಗೂ ಓದುತ್ತಾರೆ. ನೀವು ಇನ್ನೊಂದು ಪತ್ರ ಬರೆದರೆ ಓದುಗರ ಗಮನ ಕಥೆಯನ್ನು ಬಿಟ್ಟು ತಪ್ಪಿನ ಕಡೆಗೆ ತಿರುಗುತ್ತದೆ, ಒಂದೇ ಕೃತಿಯ ಎರಡು ಪ್ರತಿಗಳಲ್ಲಿ ಯಾವುದನ್ನು ಓದಬೇಕು ಎಂಬ ಗೊಂದಲವೂ ಸೇರುತ್ತದೆ.

ಊರಿನ ಹೆಸರನ್ನು ಮಾತ್ರ ನಿಮ್ಮ ಮೂಲ ಪ್ರತಿಯಲ್ಲಿ ಈಗಲೇ ಕೂತು ತೀರ್ಮಾನಿಸಿ. ನಗರದ ಹೆಸರು ಅಧಿಕೃತವಾಗಿ ಕಲಬುರಗಿ ಎಂದಾದದ್ದು 2014ರ ನವೆಂಬರ್ 1ರಂದು. ಕಥೆ ಅದಕ್ಕೂ ಹಿಂದಿನದಾದರೆ ಕಚೇರಿಯ ಕಾಗದದಲ್ಲಿ ಗುಲ್ಬರ್ಗಾ ಇರುವುದೇ ಸರಿ, ಅಜ್ಜಿಯ ಮಾತಿನಲ್ಲಿ ಕಲಬುರಗಿ ಬರುವುದೂ ಸರಿ. ನಿರೂಪಣೆ ಮಾತ್ರ ಒಂದೇ ಹೆಸರನ್ನು ಹಿಡಿಯಬೇಕು. ಹಾಗೆ ಮಾಡಿದರೆ ಎರಡು ಹೆಸರುಗಳಿರುವುದು ಲೇಖಕಿ ಬೇಕೆಂದೇ ಮಾಡಿದ್ದು ಎಂದು ಹೊರಗಿನ ಓದುಗರಿಗೂ ತಿಳಿಯುತ್ತದೆ.

ಪ್ರಶ್ನೆ (ಅನುವಾದಕ, ಶಹಾಪುರ): ಮೇಡಂ, ನನ್ನದು ಇದಕ್ಕಿಂತ ದೊಡ್ಡದು. ಯಾದಗಿರಿ ಜಿಲ್ಲೆಯ ಹಿರಿಯ ಲೇಖಕರೊಬ್ಬರ ಕಥೆಗಳನ್ನು ಇಂಗ್ಲಿಷಿಗೆ ತಂದು ದೆಹಲಿಯ ಏಜೆನ್ಸಿಯೊಂದಕ್ಕೆ ಕಳುಹಿಸಿದೆ. ಆದರೆ ಲಗತ್ತಿಸಿದ್ದು ಕೆಂಪು ತಿದ್ದುಪಡಿಗಳೂ ಗೆಳೆಯನ ಟಿಪ್ಪಣಿಗಳೂ ತುಂಬಿದ ಹಳೆಯ ಫೈಲು. ಲೇಖಕರ ಒಪ್ಪಿಗೆ ಇದೆ ಎಂಬುದನ್ನೂ ಪತ್ರದಲ್ಲಿ ಬರೆದಿಲ್ಲ.

ಉತ್ತರ: ನೀವು ಇಂದೇ ಬರೆಯಬೇಕು, ಸರ್. ಓದಲು ಅಡ್ಡಿಯಾಗದ ತಪ್ಪನ್ನು ಬಿಟ್ಟುಬಿಡಬಹುದು. ಆದರೆ ಫೈಲು ತೆರೆಯದಿರುವುದು, ತಪ್ಪು ಫೈಲು ಹೋಗಿರುವುದು, ನಡುವಿನ ಪುಟಗಳು ಇಲ್ಲದಿರುವುದು, ಹಕ್ಕುಗಳ ವಿಷಯ ಅಸ್ಪಷ್ಟವಾಗಿರುವುದು, ಇವು ಓದುವವರನ್ನು ನಿಲ್ಲಿಸುವ ತಪ್ಪುಗಳು, ಆದ್ದರಿಂದ ಇವನ್ನು ತಿದ್ದಲೇಬೇಕು. ಹೊಸ ಇಮೇಲ್ ಆರಂಭಿಸದೆ ಮೊದಲಿನ ಇಮೇಲಿಗೇ ಉತ್ತರವಾಗಿ ಇಷ್ಟು ಬರೆದರೆ ಸಾಕು: “ನನ್ನ ಹಿಂದಿನ ಇಮೇಲಿನಲ್ಲಿ ಹಳೆಯ ಕರಡು ಲಗತ್ತಾಗಿತ್ತು. ದಯವಿಟ್ಟು ಅದರ ಬದಲು ಈ ಪ್ರತಿಯನ್ನು ಪರಿಶೀಲಿಸಿ. ಅನುವಾದಕ್ಕೆ ಮೂಲ ಲೇಖಕರ ಲಿಖಿತ ಅನುಮತಿ ನನ್ನಲ್ಲಿದೆ.” ಗೆಳೆಯನ ಟಿಪ್ಪಣಿಗಳು ಹೇಗೆ ಉಳಿದವು, ಕರೆಂಟು ಯಾವಾಗ ಹೋಯಿತು ಎಂಬ ವಿವರಣೆ ಬೇಡ.

ಅನುಮತಿಯ ಮಾತನ್ನು ಬಿಡಬೇಡಿ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಅನುವಾದದ ಹಕ್ಕು ಕೃತಿಸ್ವಾಮ್ಯ ಹೊಂದಿದವರದು, ಮತ್ತು ನಮ್ಮ ದೇಶದಲ್ಲಿ ಆ ಹಕ್ಕು ಲೇಖಕರು ತೀರಿಕೊಂಡ ನಂತರವೂ 60 ವರ್ಷ ಉಳಿಯುತ್ತದೆ. ಏಜೆಂಟರು ಮಾರುವುದು ಹಕ್ಕುಗಳನ್ನೇ ಆದ್ದರಿಂದ, ಆ ಒಂದು ಸಾಲು ಇಲ್ಲದ ಅನುವಾದವನ್ನು ಅವರು ಎಷ್ಟು ಮೆಚ್ಚಿದರೂ ಮುಂದಕ್ಕೆ ಒಯ್ಯಲಾರರು.

ಪ್ರಶ್ನೆ (ಸಂಶೋಧನಾ ವಿದ್ಯಾರ್ಥಿ, ಬೀದರ್): ಮೇಡಂ, ನಾನು ಏಜೆಂಟರಿಗಲ್ಲ, ಬೆಂಗಳೂರಿನ ಪ್ರಕಾಶಕರಿಗೆ ಕನ್ನಡದ ಕಥೆಗಳನ್ನೇ ನೇರವಾಗಿ ಕಳುಹಿಸುತ್ತಿದ್ದೇನೆ. ನಮ್ಮ ಕಡೆಯ ಮಾತನ್ನು ಅವರು ಕಾಗುಣಿತದ ತಪ್ಪು ಎಂದು ತಿಳಿದುಬಿಟ್ಟರೆ?

ಉತ್ತರ: ಕನ್ನಡದಲ್ಲಿ ಏಜೆಂಟರ ಪದ್ಧತಿ ಬೆಳೆದಿಲ್ಲವಾದ್ದರಿಂದ ನಮ್ಮಲ್ಲಿ ಹೆಚ್ಚಿನವರ ದಾರಿ ನಿಮ್ಮದೇ. ಸಂಭಾಷಣೆಯಲ್ಲಿ ‘ಬಂದಾರ’, ‘ಹೋಗ್ಯಾನ’, ‘ಅದ’ ಎಂದಿರುವುದನ್ನು ‘ಬಂದಿದ್ದಾರೆ’, ‘ಹೋಗಿದ್ದಾನೆ’, ‘ಇದೆ’ ಎಂದು ಯಾರೂ ತಿದ್ದಬಾರದು ಎಂಬುದು ನನ್ನ ಗಟ್ಟಿ ನಿಲುವು. ಅದನ್ನು ಉಳಿಸಿಕೊಳ್ಳಲು, ಪಾತ್ರಗಳು ಬೀದರ್ ಭಾಗದ ಕನ್ನಡವನ್ನೇ ಆಡುತ್ತವೆ, ಅದನ್ನು ಆಡಿದಂತೆಯೇ ಬರೆದಿದೆ ಎಂದು ಪತ್ರದಲ್ಲಿ ಒಂದು ವಾಕ್ಯ ಸೇರಿಸಿ. ಆದರೆ ಒಂದೇ ಪಾತ್ರ ಒಂದು ಪುಟದಲ್ಲಿ ‘ಅದ’ ಎಂದು, ಮುಂದಿನ ಪುಟದಲ್ಲಿ ಬೆಳಗಾವಿ ಕಡೆಯವರಂತೆ ‘ಐತಿ’ ಎಂದು, ಕೊನೆಗೆ ‘ಇದೆ’ ಎಂದು ಮಾತಾಡಿದರೆ ಅದು ಆಡುನುಡಿ ಆಗುವುದಿಲ್ಲ, ಲೇಖಕರ ಕಿವಿ ಚಂಚಲವಾಗಿದೆ ಎಂದೇ ಓದುವವರಿಗೆ ಅನ್ನಿಸುತ್ತದೆ. ಇಂಗ್ಲಿಷಿಗೆ ಹೋಗುವವರಿಗೂ ಈ ಧೈರ್ಯ ಇರಲಿ. 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪಡೆದ ಬಾನು ಮುಷ್ತಾಕ್ ಅವರ ಕಥೆಗಳ ಅನುವಾದದಲ್ಲಿ ದೀಪಾ ಭಾಸ್ತಿ ಅವರು ನಮ್ಮ ಪದಗಳನ್ನು ಓರೆ ಅಕ್ಷರಗಳಲ್ಲಿ ಬೇರ್ಪಡಿಸದೆ ಹಾಗೆಯೇ ಉಳಿಸಿಕೊಂಡಿದ್ದಾರೆ.

‘ನುಡಿ’ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ ಟೈಪ್ ಮಾಡಿದ್ದರೆ ಯೂನಿಕೋಡ್‌ಗೆ ಪರಿವರ್ತಿಸಿ, ಆಮೇಲೆ ಒತ್ತಕ್ಷರಗಳನ್ನೂ ಅರ್ಕಾವತ್ತನ್ನೂ ಪುಟಪುಟವಾಗಿ ನೋಡಿ. ಜೊತೆಗೆ ಒಂದು ಪಿಡಿಎಫ್ ಇರಲಿ.

ಪ್ರಶ್ನೆ (ಶಿಕ್ಷಕಿ, ಆಳಂದ): ಅಕ್ಕಾ, ಬುದ್ಧಿಗೆ ಎಲ್ಲವೂ ಅರ್ಥವಾಯಿತು, ಆದರೆ ಮನಸ್ಸು ಕೇಳುತ್ತಿಲ್ಲ. ಶಾಲೆಯಲ್ಲಿ ಬಿಡುವು ಸಿಕ್ಕಾಗಲೆಲ್ಲ ಫೋನಿನಲ್ಲಿ ಅದೇ ಇಮೇಲನ್ನು ತೆರೆದು ಓದುತ್ತಿದ್ದೇನೆ. ನಿರಾಕರಣೆ ಬಂದರೆ ಆ ಒಂದು ಪದದಿಂದಲೇ ಎಂದು ಅನ್ನಿಸುತ್ತದೆ.

ಉತ್ತರ: ನೀವು ಮೂರು ತಲೆಮಾರಿನ ಬದುಕನ್ನು ಬರೆದವರು. ಅಷ್ಟು ಶ್ರಮದ ಕೃತಿ ಕೈಬಿಟ್ಟು ಹೋದ ಮೇಲೆ ಅದಕ್ಕಾಗಿ ಏನಾದರೂ ಮಾಡುತ್ತಲೇ ಇರಬೇಕು ಅನ್ನಿಸುವುದು ಸಹಜ, ಮಾಡಲು ಬೇರೇನೂ ಇಲ್ಲದಾಗ ಕಣ್ಣು ತಪ್ಪು ಹುಡುಕುತ್ತದೆ. ನಿರಾಕರಣೆ ಬಂದರೆ ಕಾರಣ ಬಹುಮಟ್ಟಿಗೆ ಬೇರೆಯೇ ಇರುತ್ತದೆ: ಅದೇ ಬಗೆಯ ಕೃತಿ ಅವರ ಪಟ್ಟಿಯಲ್ಲಿ ಈಗಾಗಲೇ ಇರಬಹುದು, ಹೊಸಬರಿಗೆ ಜಾಗ ಇಲ್ಲದಿರಬಹುದು, ಅಥವಾ ಕಥೆ ಅವರನ್ನು ತಟ್ಟದಿರಬಹುದು. ಒಂದು ಕಾಗುಣಿತಕ್ಕಾಗಿ ಒಳ್ಳೆಯ ಕಾದಂಬರಿಯನ್ನು ಬದಿಗಿಟ್ಟವರನ್ನು ನಾನು ಕಂಡಿಲ್ಲ.

ಕಳುಹಿಸಿದ ಫೈಲನ್ನು ಇನ್ನು ತೆರೆಯಬೇಡಿ. ಕಂಡ ತಪ್ಪುಗಳನ್ನು ಮೂಲ ಪ್ರತಿಯಲ್ಲಿ ತಿದ್ದಿ, ಮುಂದಿನ ಏಜೆಂಟರಿಗೆ ಆ ಪ್ರತಿ ಹೋಗಲಿ. ಒಂದೇ ದಿನ ಇಪ್ಪತ್ತು ಜನರಿಗೆ ಕಳುಹಿಸದೆ ಐದಾರು ಜನರಿಗೆ ಕಳುಹಿಸಿದರೆ, ಆಮೇಲೆ ಕಂಡ ತಪ್ಪು ಎಲ್ಲರಿಗೂ ಹೋಗಿರುವುದಿಲ್ಲ. ಜಿಮೇಲ್‌ನಲ್ಲಿ ಕಳುಹಿಸಿದ್ದನ್ನು ಹಿಂಪಡೆಯುವ ಅವಧಿಯನ್ನು 30 ಸೆಕೆಂಡಿಗೆ ಏರಿಸಿಕೊಳ್ಳಿ. ಏಜೆಂಟರ ಹೆಸರು ಮತ್ತು ಲಗತ್ತು ಸರಿಯಾಗಿವೆಯೇ ಎಂದು ನೋಡಲು ಅಷ್ಟು ಸಾಕು. ಆ ಏಜೆನ್ಸಿಯೇ ಹೇಳಿದ ಅವಧಿ ಮುಗಿದ ಮೇಲೆ, ಸಾಮಾನ್ಯವಾಗಿ ಎರಡು ಮೂರು ತಿಂಗಳ ನಂತರ, ವಿನಯದಿಂದ ಒಮ್ಮೆ ವಿಚಾರಿಸಬಹುದು. ಅಲ್ಲಿಯವರೆಗೆ ಮುಂದಿನ ಕಥೆ ಬರೆಯಿರಿ.

ಪ್ರಶ್ನೆ (ಅನುವಾದಕ, ಶಹಾಪುರ): ಇಂದೇ ಕಳುಹಿಸಿದೆ, ಮೇಡಂ. ಈ ನಡುವೆ ಏಜೆಂಟ್ ಎಂದು ಹೇಳಿಕೊಳ್ಳುವ ಒಬ್ಬರು ಫೋನ್ ಮಾಡಿ, ತಪ್ಪುಗಳಿರುವ ಹಸ್ತಪ್ರತಿಯನ್ನು ಯಾರೂ ಓದುವುದಿಲ್ಲ, ಶುಲ್ಕ ಕೊಟ್ಟರೆ ತಾವೇ ತಿದ್ದಿ ಪ್ರಕಾಶಕರಿಗೆ ತಲುಪಿಸುವುದಾಗಿ ಹೇಳಿದರು.

ಉತ್ತರ: ಕೊಡಬೇಡಿ, ಸರ್. ಏಜೆಂಟರ ಆದಾಯ ಪುಸ್ತಕ ಮಾರಾಟವಾದ ಮೇಲೆ ಲೇಖಕರಿಗೆ ಬರುವ ಹಣದಲ್ಲಿ ಒಂದು ಪಾಲು. ಬ್ರಿಟನ್ ಮತ್ತು ಅಮೆರಿಕದಲ್ಲಿ ಅದು ಸಾಮಾನ್ಯವಾಗಿ ಶೇ. 15, ವಿದೇಶಿ ಹಕ್ಕುಗಳಿಗೆ ಶೇ. 20. ಓದುವುದಕ್ಕೆ ಅಥವಾ ತಿದ್ದುವುದಕ್ಕೆ ಮೊದಲೇ ಹಣ ಕೇಳುವವರು ನಿಮ್ಮ ಆತಂಕದಿಂದ ದುಡಿಯುತ್ತಿದ್ದಾರೆ. ತಿದ್ದಿಸುವುದೇ ಬೇಕಾದರೆ ಏಜೆಂಟರಲ್ಲದ ಸ್ವತಂತ್ರ ಸಂಪಾದಕರಿಗೆ, ಎರಡು ಪುಟದ ಮಾದರಿ ನೋಡಿ, ದರವನ್ನು ಬರಹದಲ್ಲಿ ಪಡೆದು ಕೊಡಿ.