ಅಪ್‌ಡೇಟ್: ಜಿಂಕ್ ಟೆಸ್ಟ್ ಮತ್ತೆ ಮಾಡಿಸಿದೆ
ಕೂದಲು ಉದುರುತ್ತಿದೆ, ಬಾಯಿಗೆ ರುಚಿ ಹತ್ತುತ್ತಿಲ್ಲ, ಜಿಂಕ್ ಕಡಿಮೆಯಾಗಿರಬಹುದಾ, ಹೇಗೆ ತಿಳಿಯೋದು ಅಂತ ಕೇಳಿದ್ದವಳು ನಾನೇ. ಮೊದಲ ಸಲ ಸೀರಮ್ ಜಿಂಕ್ (ರಕ್ತದಲ್ಲಿರೋ ಜಿಂಕ್) 58 ಬಂದಿತ್ತು, ಗಾಬರಿಯಾಗಿ ಮಾತ್ರೆ ಕೂಡ ತಂದಿಟ್ಟಿದ್ದೆ. ಡಾಕ್ಟರ್ ರಿಪೋರ್ಟ್ ನೋಡಿ ಮೊದಲು ಕೇಳಿದ್ದೇ "ಆವತ್ತು ಜ್ವರ ಇತ್ತಾ?" ಅಂತ. ಇತ್ತು! ಜ್ವರ, ಸೋಂಕು ಇದ್ದಾಗ ಜಿಂಕ್ ರಕ್ತದಿಂದ ಲಿವರ್‌ಗೆ ಸರಿದುಬಿಡುತ್ತದಂತೆ, ಹಾಗಾಗಿ ರಿಪೋರ್ಟ್‌ನಲ್ಲಿ ಸುಮ್ನೆ ಕಡಿಮೆ ಕಾಣುತ್ತದೆ. ಸಾಲದ್ದಕ್ಕೆ ನಾನು ಮಧ್ಯಾಹ್ನ ಊಟ ಮುಗಿಸಿ ಹೋಗಿದ್ದೆ, ಅದೂ ತಪ್ಪೇ.

ಈ ಸಲ ಪೂರ್ತಿ ಹುಷಾರಾದ ಮೇಲೆ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಟ್ಟೆ. ಕಡುನೀಲಿ ಮುಚ್ಚಳದ ಟ್ಯೂಬ್‌ನಲ್ಲೇ ತೆಗೆದುಕೊಂಡರು (ಮಾಮೂಲಿ ಟ್ಯೂಬ್‌ನ ರಬ್ಬರಿನಿಂದ ಜಿಂಕ್ ಸೇರಿಕೊಂಡು ಲೆಕ್ಕ ತಪ್ಪಬಹುದು, ಕೇಳಿಯೇ ಕೊಡಿ). 76 ಬಂತು. ಹೆಂಗಸರಿಗೆ ಖಾಲಿ ಹೊಟ್ಟೆಯಲ್ಲಿ ಡೆಸಿಲೀಟರ್‌ಗೆ 70 ಮೈಕ್ರೋಗ್ರಾಂಗಿಂತ ಕೆಳಗಿದ್ದರೆ ಕೊರತೆ ಅಂತ ಲೆಕ್ಕ, ಸೋ ಬಚಾವ್.

ಆದರೆ ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಅಂತ ತೋರಿಸೋ ಟೆಸ್ಟ್) ಬರೀ 9! ಕೂದಲಿನ ಕಳ್ಳ ಅದೇ ಇರಬೇಕು ಅಲ್ವಾ. ಈಗ ಕಬ್ಬಿಣದ ಮಾತ್ರೆ ಶುರುವಾಗಿದೆ. ಜಿಂಕ್ ಡಬ್ಬಿ ತೆರೆಯಲೇ ಇಲ್ಲ, ಅದನ್ನು ಜಾಸ್ತಿ ದಿನ ಜಾಸ್ತಿ ಡೋಸ್‌ನಲ್ಲಿ ನುಂಗಿದರೆ ಮೈಯಲ್ಲಿ ತಾಮ್ರ ಕಡಿಮೆಯಾಗುತ್ತದೆ ಅಂತ ಡಾಕ್ಟರ್ ಬೈದೇ ಕಳಿಸಿದರು.