ಸರ್ಜಾಪುರ ರಸ್ತೆಯೋ ಕೆಂಗೇರಿಯೋ: ಪುಟ್ಟಿಗೆ ದೊಡ್ಡಮ್ಮನ ಉತ್ತರ

ಪುಟ್ಟೀ, ನಿನ್ನ ಮೆಸೇಜು ಬೆಳಿಗ್ಗೆಯೇ ನೋಡಿದೆ. ಟೈಪ್ ಮಾಡುತ್ತಾ ಕೂತರೆ ನನಗೆ ಸಂಜೆಯಾಗುತ್ತದೆ, ಅದಕ್ಕೇ ಮಾತನಾಡಿ ಕಳಿಸುತ್ತಿದ್ದೇನೆ. ಸ್ವಲ್ಪ ಉದ್ದವಾಗುತ್ತದೆ. ಗ್ರೂಪಿನಲ್ಲಿ ಯಾರಿಗೆ ಬೇಸರವೋ ಅವರು ಕೇಳಬೇಕಾಗಿಲ್ಲ. ತುಮಕೂರಿನ ಚಿಕ್ಕಪ್ಪ ದಿನಾ ಕಳಿಸುವ ಶುಭೋದಯದ ಹೂವುಗಳನ್ನು ನಾನು ಸಹಿಸಿಕೊಂಡಿಲ್ಲವೇ?

ನೀನು ಕೇಳಿರುವುದು ಇಷ್ಟು. ಸರ್ಜಾಪುರ ರಸ್ತೆಯಲ್ಲಿ ಅಪಾರ್ಟ್‌ಮೆಂಟ್ ನೋಡಿದ್ದೀರಿ, ಎದುರಿಗೇ ದೊಡ್ಡ ಶಾಲೆ, ಎರಡು ವಾರದೊಳಗೆ ಅಡ್ವಾನ್ಸ್ ಕೊಡದಿದ್ದರೆ ಬೇರೆಯವರ ಪಾಲಾಗುತ್ತದಂತೆ. ಇಲ್ಲವೆಂದರೆ ನಮ್ಮ ಕೆಂಗೇರಿ ಉಪನಗರದಲ್ಲಿ ಒಂದು ಹಳೆಯ ಮನೆ ಕಡಿಮೆಗೆ ಸಿಗುತ್ತದೆ. ಚಿನ್ನುವಿನ ಓದಿಗೆ ಯಾವುದು ಒಳ್ಳೆಯದು, ರಾತ್ರಿ ನಿದ್ದೆ ಬರುತ್ತಿಲ್ಲ, ಅಂದೆ. ಹೇಳುತ್ತೇನೆ ಕೇಳು. ಶಾಲೆಯ ಕಾಂಪೌಂಡ್ ನೋಡಿ ಮನೆ ಕೊಳ್ಳಬೇಡ. ನಾವು ಕೊಂಡೆವು.

2010ರಲ್ಲಿ ನನ್ನ ಮಗ, ನಿಮ್ಮಣ್ಣ, ಸರ್ಜಾಪುರ ರಸ್ತೆಯ ಕಡೆ ಫ್ಲಾಟ್ ತೆಗೆದುಕೊಂಡಾಗ ಗೃಹಪ್ರವೇಶಕ್ಕೆ ನೀವೆಲ್ಲ ಬಂದಿದ್ದಿರಿ, ಹೋಳಿಗೆ ಊಟ ಮಾಡಿದಿರಿ, ಬಾಲ್ಕನಿಯಲ್ಲಿ ನಿಂತು ಫೋಟೊ ತೆಗೆಸಿಕೊಂಡಿರಿ. ಆ ಫೋಟೊದಲ್ಲಿ ನಿನ್ನಮ್ಮನ ತಲೆಯ ಹಿಂದೆ ಹಳದಿ ಕಟ್ಟಡ ಕಾಣುತ್ತದಲ್ಲ, ಅದೇ ಶಾಲೆ. ಮಾರುವವನು ಕೊಟ್ಟ ಬಣ್ಣದ ಕಾಗದದಲ್ಲಿ 'ಶಾಲೆಗೆ ಮೂರು ನಿಮಿಷ' ಎಂದು ಅಚ್ಚಾಗಿತ್ತು. ನಿಮ್ಮ ದೊಡ್ಡಪ್ಪ ಗಡಿಯಾರ ಹಿಡಿದು ನಡೆದು ನೋಡಿದರು. ನಾಲ್ಕು ನಿಮಿಷವಾಯಿತು. ತಮ್ಮ ಮಂಡಿನೋವಿಗೆ ಒಂದು ನಿಮಿಷ ಕಳೆದು ಒಪ್ಪಿಕೊಂಡುಬಿಟ್ಟರು. ಹಾಸನದ ತೋಟದಲ್ಲಿ ನಮ್ಮ ಪಾಲಿನ ತೆಂಗು ಮಾರಿದ್ದು ಆಗಲೇ. ಆ ಕಾರಣಕ್ಕೆ ನನ್ನ ಮೈದುನ ಇವತ್ತಿಗೂ ನೆಟ್ಟಗೆ ಮಾತನಾಡುವುದಿಲ್ಲ. ಅವನು ಈ ಗ್ರೂಪಿನಲ್ಲಿಲ್ಲ, ಆದ್ದರಿಂದ ಧೈರ್ಯವಾಗಿ ಹೇಳುತ್ತಿದ್ದೇನೆ.

ಮನೆ ಕೊಂಡಾಗ ಆ ಶಾಲೆಯಲ್ಲಿ ಒಂದೊಂದು ತರಗತಿಗೆ ಎರಡೇ ಸೆಕ್ಷನ್. ಮೊಮ್ಮಗ ಒಂದನೇ ತರಗತಿಗೆ ಬರುವ ಹೊತ್ತಿಗೆ ರಸ್ತೆಯ ಎರಡೂ ಬದಿಯ ರಾಗಿ ಹೊಲಗಳೆಲ್ಲ ಹದಿನಾಲ್ಕು ಮಹಡಿಯಾಗಿದ್ದವು. ಎಲ್ಲರಿಗೂ ಅದೇ ಬಣ್ಣದ ಕಾಗದ ಸಿಕ್ಕಿತ್ತು, ಎಲ್ಲರೂ ಅದೇ ಮೂರು ನಿಮಿಷ ನಂಬಿ ಬಂದವರೇ. ಸೆಕ್ಷನ್ ಎ ಇಂದ ಎಚ್‌ವರೆಗೆ ಬೆಳೆಯಿತು, ಒಂದೊಂದರಲ್ಲಿ ನಲವತ್ತೆಂಟು ಮಕ್ಕಳು. ನಾನು ಮೇಷ್ಟರ ಕೆಲಸ ಮಾಡಿದವಳು, ನಲವತ್ತೆಂಟು ಮಕ್ಕಳ ಹಾಜರಿ ಕೂಗಿ ಮುಗಿಸುವುದರಲ್ಲಿ ಪಾಠದ ಹುಮ್ಮಸ್ಸು ಎಷ್ಟು ಉಳಿಯುತ್ತದೆ ಎಂಬುದು ಗೊತ್ತು. ಆಮೇಲೆ ಒಂದು ಪತ್ರ ಬಂತು. ಸೀಟು ಇದೆ, ಆದರೆ 'ಹೊಸ ಆವರಣ'ದಲ್ಲಿ. ಹಳೆಯ ಕಟ್ಟಡ ಆಗಲೇ ಓದುತ್ತಿರುವವರ ತಮ್ಮ ತಂಗಿಯರಿಗಂತೆ. ಹೊಸ ಆವರಣ ಎಲ್ಲಿ? ರೈಲ್ವೆ ಗೇಟು ದಾಟಿ ಒಂಬತ್ತು ಕಿಲೋಮೀಟರ್.

ಮಗು ಬೆಳಿಗ್ಗೆ ಆರು ನಲವತ್ತಕ್ಕೆ ಬಸ್ಸು ಹತ್ತುತ್ತಿತ್ತು. ವಾಂತಿ ಮಾಡಿಕೊಳ್ಳುತ್ತಾನೆಂದು ಚಡ್ಡಿಯ ಜೇಬಿಗೆ ಒಂದು ನಿಂಬೆಹಣ್ಣು ಹಾಕಿ ಕಳಿಸುತ್ತಿದ್ದೆ, ಮೂಸುವುದಕ್ಕೆ. ಸಂಜೆ ಅದು ಬಾಡಿ ಮೆತ್ತಗಾಗಿ, ಉಗುರಿನ ಗುರುತು ತುಂಬಿಕೊಂಡು ವಾಪಸು ಬರುತ್ತಿತ್ತು. ಅವನನ್ನು ಬಸ್ಸು ಹತ್ತಿಸಿ ಬಂದು, ಕಾಫಿ ಕುಡಿದು, ಬಟ್ಟೆ ಒಣಗಲು ಹಾಕುವ ಹೊತ್ತಿಗೆ ಎದುರಿನ ಶಾಲೆಯ ಗಂಟೆ ಬಾಲ್ಕನಿಗೆ ಸ್ಪಷ್ಟವಾಗಿ ಕೇಳುತ್ತಿತ್ತು. ನಮ್ಮ ಪಾಲಿಗೆ ಬಂದದ್ದು ಆ ಗಂಟೆಯ ಶಬ್ದ ಒಂದೇ. ಅದಕ್ಕೆ ನಾವು ಇಪ್ಪತ್ತು ವರ್ಷದ ಸಾಲ ಮಾಡಿದ್ದೆವು.

ನೀರಿನ ವಿಷಯ ಹೇಳಿದರೆ ಇನ್ನೊಂದು ಮೆಸೇಜು ಬೇಕಾಗುತ್ತದೆ. 2007ರಲ್ಲಿ ಏಳು ನಗರಸಭೆ, ಕೆಂಗೇರಿ ಪುರಸಭೆ, 110 ಹಳ್ಳಿ ಎಲ್ಲ ಬೆಂಗಳೂರಿಗೆ ಒಟ್ಟುಮಾಡಿ 'ಬೃಹತ್ ಬೆಂಗಳೂರು' ಎಂದು ನಾಮಕರಣ ಮಾಡಿದರು. ಆ 110 ಹಳ್ಳಿಗಳಿಗಾಗಿ ಕಾವೇರಿ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ಹದಿನೇಳು ವರ್ಷ! ಅದೇ ವರ್ಷದ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ, ಟ್ಯಾಂಕರಿಗೆ ಸರ್ಕಾರವೇ ದರ ಕಟ್ಟಬೇಕಾಯಿತು. ಮಳೆ ಬಂದರೆ ಅದರ ತದ್ವಿರುದ್ಧ. 2022ರ ಸೆಪ್ಟೆಂಬರಿನಲ್ಲಿ ಸಾಫ್ಟ್‌ವೇರಿನವರು ಟ್ರ್ಯಾಕ್ಟರ್ ಹತ್ತಿ ಕಚೇರಿಗೆ ಹೋದದ್ದನ್ನು ಟಿವಿಯಲ್ಲಿ ನೋಡಿ ನೀವೆಲ್ಲ ನಕ್ಕಿರಿ. ಅದು ಆ ಕಡೆಯೇ.

ಆದರೆ ನನಗೆ ಇಂದಿಗೂ ಹೊಟ್ಟೆಯೊಳಗೆ ಕಿವುಚಿದಂತಾಗುವುದು ನೀರಿನದಲ್ಲ, ಬಸ್ಸಿನದೂ ಅಲ್ಲ. ಸಂಜೆ ನಾಲ್ಕೂಕಾಲಿಗೆ ಶಾಲೆಯ ಬಸ್ಸು ಮುಖ್ಯರಸ್ತೆಯಲ್ಲಿ ಮಕ್ಕಳನ್ನು ಇಳಿಸುತ್ತಿತ್ತು. ಎದುರು ಬದಿಯ ವಿಲ್ಲಾಗಳ ಮಕ್ಕಳಿಗೆ ಕಾರು, ಕಾರಿಗೆ ಡ್ರೈವರ್. ನಮ್ಮವನಿಗೆ ತಾತ, ತಾತನ ಹಳೆಯ ಟಿವಿಎಸ್, ಪಟ್ಟಿ ಕಿತ್ತುಹೋಗಿ ಸೆಣಬಿನ ದಾರ ಕಟ್ಟಿದ ಹೆಲ್ಮೆಟ್. ಎರಡನೇ ತರಗತಿಯಲ್ಲಿದ್ದಾಗ ಒಂದು ದಿನ ಮಗು ಹೇಳಿತಂತೆ, "ತಾತ, ನೀನು ಇಲ್ಲಿಗೆ ಬರಬೇಡ, ಬೇಕರಿಯ ಹತ್ತಿರವೇ ನಿಂತಿರು, ನಾನೇ ನಡೆದುಕೊಂಡು ಬರುತ್ತೇನೆ." ಇವರು ಮರುದಿನದಿಂದ ಬೇಕರಿಯ ಮುಂದೆ ನಿಲ್ಲತೊಡಗಿದರು. ಸುಮ್ಮನೆ ನಿಂತರೆ ಚೆನ್ನಾಗಿರುವುದಿಲ್ಲವೆಂದು ದಿನವೂ ಒಂದು ಬನ್ನು ಕೊಳ್ಳುತ್ತಿದ್ದರು. ಮನೆಗೆ ದಿನಾ ಬನ್ನು ಯಾಕೆ ತರುತ್ತೀರಿ, ಸಕ್ಕರೆ ಕಾಯಿಲೆಯವರು, ಎಂದು ನಾನು ಬೈಯುತ್ತಿದ್ದೆ. ಅವರು ಹೋದಮೇಲೆ, ವೈಕುಂಠ ಸಮಾರಾಧನೆಗೆ ಬಂದಿದ್ದ ಬೇಕರಿಯವನ ಬಾಯಿಂದ ಈ ವಿಷಯ ನನಗೆ ಗೊತ್ತಾದದ್ದು.

ಏಳು ವರ್ಷದ ಮಗುವಿಗೆ ಆ ಲೆಕ್ಕ ಯಾರು ಹೇಳಿಕೊಟ್ಟರು? ಯಾರೂ ಇಲ್ಲ. ಅವನನ್ನು ಬೈಯಲಾರೆ. ಮೊನ್ನೆ ಕೂಡ ಬಂದು ನನ್ನ ಕನ್ನಡಕ ರಿಪೇರಿ ಮಾಡಿಸಿಕೊಟ್ಟು ಹೋದ, ಬಂಗಾರದ ಹುಡುಗ. ನಿಮ್ಮಣ್ಣನ ಸಂಬಳ ಆ ರಸ್ತೆಯಲ್ಲಿ ಅತ್ತ ವಿಲ್ಲಾದವರಿಗೆ ಸಮನಲ್ಲ, ಇತ್ತ ಗೋಡೆಯ ಹಿಂದಿನ ತಗಡಿನ ಶೆಡ್ಡಿನವರಿಗೆ ಸಮನಲ್ಲ. ದೊಡ್ಡವರಾದ ನಮಗೆ ಅದು ಹೇಗೋ ನಡೆಯುತ್ತದೆ. ಮಕ್ಕಳು ಅದನ್ನು ದಿನಾ ಅಳೆಯುತ್ತಾರೆ.

ಅದಕ್ಕೇ ಮತ್ತೆ ಹೇಳುತ್ತೇನೆ, ಪುಟ್ಟಿ: ಶಾಲೆಯ ಕಾಂಪೌಂಡ್ ನೋಡಿ ಮನೆ ಕೊಳ್ಳಬೇಡ. ಅಳಿಯಂದಿರಿಗೂ ಇದನ್ನು ಕೇಳಿಸು.

ಆ ತಗಡಿನ ಶೆಡ್ಡಿನಲ್ಲಿ ನಮ್ಮ ಮನೆಗೆಲಸದ ಹೆಂಗಸು ಇದ್ದಳು, ಯಾದಗಿರಿ ಕಡೆಯವಳು. ಅವಳ ಮಗಳು ಒಂದನೇ ತರಗತಿಗೆ ಬಂದಾಗ ಎದುರಿನ ಶಾಲೆಗೆ ಅರ್ಜಿ ಹಾಕಿಸೋಣ ಎಂದುಕೊಂಡೆ. ಬಡವರ ಮಕ್ಕಳಿಗೆ ಕಾಲುಭಾಗ ಸೀಟು ಎಂದು ಶಿಕ್ಷಣ ಹಕ್ಕಿನ ಕಾಯ್ದೆಯಲ್ಲಿ ಇದೆಯಲ್ಲ. ಅಷ್ಟರಲ್ಲಿ 2019 ಬಂದಿತ್ತು, ಹತ್ತಿರದಲ್ಲಿ ಸರ್ಕಾರಿ ಶಾಲೆ ಇದ್ದರೆ ಖಾಸಗಿಯಲ್ಲಿ ಆ ಸೀಟು ಸಿಗದಂತೆ ನಮ್ಮ ರಾಜ್ಯದಲ್ಲಿ ನಿಯಮ ತಿದ್ದಿಯಾಗಿತ್ತು. ಸರಿ, ಸರ್ಕಾರಿ ಶಾಲೆಗೇ ಸೇರಿಸಿದೆವು. ಅಲ್ಲಿ ಹೋಗಿ ನೋಡಿದರೆ ಮಕ್ಕಳು ಕಿಕ್ಕಿರಿದಿದ್ದಾರೆ! ನಲಿ-ಕಲಿ ಎಂದು ಒಂದರಿಂದ ಮೂರರವರೆಗೆ ಒಟ್ಟಿಗೆ ಕೂರಿಸುವ ಕೋಣೆಯಲ್ಲಿ ಮಗ್ಗಿ ಚಾರ್ಟು ಕಾಣದಷ್ಟು ಮಕ್ಕಳು, ಅರ್ಧಕ್ಕೆ ಅರ್ಧ ಕಟ್ಟಡ ಕೆಲಸದವರ ಮಕ್ಕಳು. ನಾನು ಮೂವತ್ತೊಂದು ವರ್ಷ ಪಾಠ ಮಾಡಿದ, ಊರೊಳಗಿನ ಶಾಲೆಯಲ್ಲಿ ಕೊನೆಗೆ ಎಷ್ಟು ಮಕ್ಕಳಿದ್ದರು ಗೊತ್ತೇ? ಒಂಬತ್ತು. ಅಲ್ಲಿ ಬೆಂಚುಗಳು ಖಾಲಿ, ಇಲ್ಲಿ ಮಕ್ಕಳು ನೆಲದ ಮೇಲೆ. ಆ ಬೆಂಚುಗಳನ್ನಾದರೂ ಲಾರಿಯಲ್ಲಿ ಹಾಕಿ ಇತ್ತ ತರಬಾರದೇ ಎಂದು ಒಬ್ಬ ಅಧಿಕಾರಿಯನ್ನು ಕೇಳಿದೆ. "ಮೇಡಂ, ನೀವು ನಿವೃತ್ತರಾಗಿದ್ದೀರಿ, ವಿಶ್ರಾಂತಿ ತೆಗೆದುಕೊಳ್ಳಿ" ಎಂದರು.

ಈಗ ಮಾತು ಬಂತಲ್ಲ, ಹೇಳಿಬಿಡುತ್ತೇನೆ. ಆ ಮೂವತ್ತೊಂದು ವರ್ಷದಲ್ಲಿ ನಮ್ಮ ಮನೆಯ ಒಂದು ಮಗುವೂ ನನ್ನ ಶಾಲೆಗೆ ಸೇರಲಿಲ್ಲ. ನಿಮ್ಮಣ್ಣನನ್ನೂ ಕಾನ್ವೆಂಟಿಗೇ ಹಾಕಿದೆ, ಒಪ್ಪಿಕೊಳ್ಳುತ್ತೇನೆ. ಆದರೆ ನಾನು ಒಂದು ಮಾತು ಹೇಳಿದಾಗಲೆಲ್ಲ ಗಿರಿನಗರದ ಅತ್ತಿಗೆ 'ಸರ್ಕಾರಿ ಮೇಡಮ್ಮಿನ ಬುದ್ಧಿ' ಎಂದು ನಗಿಸುತ್ತಿದ್ದರಲ್ಲ, ಗೃಹಪ್ರವೇಶದ ದಿನವೂ ಅದೇ. ಒಂದು ವರ್ಷ ಬಾಡಿಗೆಗೆ ಇದ್ದು ನೋಡಿ ಆಮೇಲೆ ಕೊಳ್ಳೋಣ ಎಂದು ನಾನು ಆಗಲೇ ಬಡಿದುಕೊಂಡಿದ್ದೆ. ಯಾರಾದರೂ ಕಿವಿಗೆ ಹಾಕಿಕೊಂಡಿರೇ? ಹೋಗಲಿ. ಅತ್ತಿಗೆ ಇದನ್ನು ಕೇಳುತ್ತಿದ್ದರೆ, ಬೇಸರಿಸಬೇಡಿ, ನಿಮ್ಮ ಚಕ್ಕುಲಿ ಡಬ್ಬಿ ಇನ್ನೂ ನನ್ನ ಹತ್ತಿರವೇ ಇದೆ.

ನಾನಿಲ್ಲಿದ್ದೇನೆಂದು ಕೆಂಗೇರಿಯನ್ನು ಹೊಗಳುತ್ತೇನೆ ಎಂದುಕೊಳ್ಳಬೇಡ. ವೃಷಭಾವತಿ ಹೊಳೆಯ ನಾತ ಸಂಜೆ ಗಾಳಿಗೆ ಮೂಗಿಗೆ ಬಡಿಯುತ್ತದೆ, ಅಗರಬತ್ತಿಗೆ ಬಗ್ಗುವುದಲ್ಲ. ಅಳಿಯಂದಿರ ಕಚೇರಿ ವೈಟ್‌ಫೀಲ್ಡಿನಲ್ಲಿ. 2023ರ ಅಕ್ಟೋಬರಿನಿಂದ ನೇರಳೆ ಮೆಟ್ರೊ ಇಲ್ಲಿಂದ ಅಲ್ಲಿಗೆ ಒಂದೇ ಗಾಡಿಯಲ್ಲಿ ಹೋಗುತ್ತದೆ ನಿಜ, ಆದರೆ ಒಂದೂಕಾಲು ಗಂಟೆಯಾದರೂ ಬೇಕು, ಸೀಟು ಸಿಕ್ಕರೆ ಪುಣ್ಯ. ನಮ್ಮ ಬೀದಿಯಲ್ಲಿ ಬ್ಯಾಂಕಿನವರು, ಮೇಷ್ಟರು, ಬಸ್ ಡ್ರೈವರ್, ಪ್ರಾವಿಜನ್ ಸ್ಟೋರಿನವರು ಎಲ್ಲ ಇದ್ದಾರೆ. ಟಿವಿಎಸ್ ಗಾಡಿಯನ್ನು ಯಾರೂ ತಿರುಗಿ ನೋಡುವುದಿಲ್ಲ.

ಅಯ್ಯೋ, ಮುಖ್ಯವಾದದ್ದೇ ಮರೆತೆ. ಪುಟ್ಟಿ, ಚಿನ್ನು ಹುಟ್ಟಿದ್ದು 2021ರ ಜುಲೈ 9, ಅಲ್ಲವೇ? ಆಷಾಢ ಇನ್ನೇನು ಶುರುವಾಗುವುದರಲ್ಲಿತ್ತು, ನಾನೇ ಬಾಣಂತನಕ್ಕೆ ಬಂದಿದ್ದೆ. ಈಗಿನ ನಿಯಮದಲ್ಲಿ ಒಂದನೇ ತರಗತಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು. 2025ರಲ್ಲಿ ಐದು ವರ್ಷ ಐದು ತಿಂಗಳಿಗೆ ಇಳಿಸಿದ್ದು ಆ ಒಂದು ಸಲಕ್ಕೆ ಮಾತ್ರ ಎಂದಿದ್ದರು. 2027ರ ಜೂನ್ 1ಕ್ಕೆ ಅವಳಿಗೆ ಐದು ವರ್ಷ ಹತ್ತು ತಿಂಗಳು ಚಿಲ್ಲರೆ ಅಷ್ಟೇ. ಅಂದರೆ ಅವಳ ಒಂದನೇ ತರಗತಿ 2028ಕ್ಕೆ. ಎರಡು ವಾರದ ಆತುರ ಯಾರದು? ಮಾರುವವನದು. ನಿನ್ನದಲ್ಲ, ಚಿನ್ನುವಿನದಂತೂ ಅಲ್ಲವೇ ಅಲ್ಲ.

ಹನ್ನೊಂದು ತಿಂಗಳಿಗೆ ಬಾಡಿಗೆ ಕರಾರು ಮಾಡಿಕೊಂಡು ಇದ್ದು ನೋಡಿ, ಅಲ್ಲಾದರೂ ಸರಿ, ಇಲ್ಲಾದರೂ ಸರಿ. ಸೋಮವಾರ ಬೆಳಿಗ್ಗೆ ಏಳಕ್ಕೆ ಆ ಶಾಲೆಯ ಗೇಟಿನ ಮುಂದೆ ಅರ್ಧ ಗಂಟೆ ನಿಂತುಕೊ. ಬಸ್ಸುಗಳು ಎಲ್ಲಿಂದ ಬರುತ್ತವೆ, ಎಲ್ಲಿಗೆ ಹೋಗುತ್ತವೆ ಎಂದು ಡ್ರೈವರುಗಳನ್ನೇ ಕೇಳು, ಅವರು ಸುಳ್ಳು ಹೇಳುವುದಿಲ್ಲ. ಯಾವ ಆವರಣದಲ್ಲಿ ಸೀಟು, ಸೆಕ್ಷನ್ನಿಗೆ ಎಷ್ಟು ಮಕ್ಕಳು ಎಂಬುದನ್ನು ಶಾಲೆಯಿಂದ ಬರಹದಲ್ಲಿ ತೆಗೆದುಕೊ. ಕಾವೇರಿ ಸಂಪರ್ಕ ಇದೆ ಎಂದರೆ ನೀರಿನ ಬಿಲ್ಲು ತೋರಿಸಲಿ, ಕೊಳಾಯಿ ತೋರಿಸಿದರೆ ಸಾಲದು. ಕಟ್ಟಡದಲ್ಲಿ ವಾಸ ಮಾಡಬಹುದೆಂದು ಕೊಡುವ ಸ್ವಾಧೀನಾನುಭವ ಪತ್ರ (ಒ.ಸಿ.), ಆಸ್ತಿ ಕ್ರಮಬದ್ಧ ಎನ್ನುವ ಎ ಖಾತಾ ಎರಡನ್ನೂ ನೋಡದೆ ಒಂದು ರೂಪಾಯಿಯನ್ನೂ ಕೊಡಬೇಡ.

ಕುಕ್ಕರ್ ಎಷ್ಟು ಕೂಗಿತೋ ಲೆಕ್ಕ ತಪ್ಪಿತು, ಬೇಳೆ ಪಾಯಸವಾಗಿರುತ್ತದೆ. ಭಾನುವಾರ ಚಿನ್ನುವನ್ನು ಕರೆದುಕೊಂಡು ಬಾ. ಆ ಹಳೆಯ ಮನೆಯ ಬೀಗದ ಕೈ ಪಕ್ಕದವರ ಹತ್ತಿರ ಇದೆ, ಸಂಪು ಸೋರುತ್ತದೆಯೋ ಇಲ್ಲವೋ ಒಟ್ಟಿಗೆ ನೋಡೋಣ.