ದೇಹ ಬದಲಾದ ಪಾತ್ರಕ್ಕೆ ಯಾವ ನೆನಪು ಉಳಿಸಬೇಕು?

ಪ್ರಶ್ನೆ: ಇಳಕಲ್ಲಿನ ನೇಕಾರನೊಬ್ಬ ಬೆಳಗಾಗುವಷ್ಟರಲ್ಲಿ ಮುಸುವನಾಗಿಬಿಡುವ ಕಥೆ ಬರೆಯುತ್ತಿದ್ದೇನೆ. ಹೆಂಡತಿ, ಮಗ್ಗ, ಸಾಲ ಎಲ್ಲವೂ ಅವನಿಗೆ ನೆನಪಿದೆ. ಓದಿದವರು "ಮುಸುವನ ವೇಷ ತೊಟ್ಟ ಮನುಷ್ಯನ ಹಾಗಿದ್ದಾನೆ" ಅಂತಾರೆ. ನೆನಪನ್ನು ಎಷ್ಟು ಅಳಿಸಬೇಕು? ನರವಿಜ್ಞಾನ ಬಲ್ಲವರು, ಸಂಪಾದಕರು ದಯವಿಟ್ಟು ಹೇಳಿ.

ಉತ್ತರ (ನರವಿಜ್ಞಾನ ಬೋಧಕಿ): ಅಳಿಸಬೇಡಿ, ವಿಂಗಡಿಸಿ. ನಡೆದದ್ದರ ನೆನಪು ಬೇರೆ, ಕೈಗೆ ಕೂತ ಕಸುಬು ಬೇರೆ, ನನ್ನ ಮೈ ಎಲ್ಲಿಗೆ ಮುಗಿಯುತ್ತದೆ ಎಂಬ ಅರಿವು ಇನ್ನೂ ಬೇರೆ. 1953ರಲ್ಲಿ ಮೂರ್ಛೆರೋಗಕ್ಕೆಂದು ಮಿದುಳಿನ ಶಸ್ತ್ರಚಿಕಿತ್ಸೆ ಆದ ಮೇಲೆ ಹೆನ್ರಿ ಮೊಲೈಸನ್ ಅವರಿಗೆ ಹೊಸ ಘಟನೆಗಳು ನೆನಪಲ್ಲಿ ನಿಲ್ಲಲಿಲ್ಲ. ಆದರೂ ಮನೋವಿಜ್ಞಾನಿ ಬ್ರೆಂಡಾ ಮಿಲ್ನರ್ ಅವರು ಕನ್ನಡಿಯಲ್ಲಿ ನೋಡಿಕೊಂಡು ನಕ್ಷತ್ರ ತಿದ್ದಲು ಕೊಟ್ಟಾಗ ದಿನದಿಂದ ದಿನಕ್ಕೆ ಕೈ ಪಳಗಿತು. ಹಿಂದಿನ ದಿನ ತಿದ್ದಿದ್ದೇ ಅವರಿಗೆ ಗೊತ್ತಿರುತ್ತಿರಲಿಲ್ಲ.

ನಿಮ್ಮ ನೇಕಾರನದು ಇದರ ತಿರುವುಮುರುವು. ಘಟನೆ ನೆನಪಿದೆ, ಕಸುಬೂ ಮಿದುಳಿನಲ್ಲಿದೆ, ಆದರೆ ಅದಕ್ಕೆ ಒಗ್ಗುವ ಅಂಗ ಇಲ್ಲ. ಮುಸುವನ ಹೆಬ್ಬೆರಳು ತೀರಾ ಗಿಡ್ಡ. ಹರಿದ ಎಳೆಯನ್ನು ಹೆಬ್ಬೆರಳು-ತೋರುಬೆರಳಲ್ಲಿ ಹೊಸೆದು ಗಂಟು ಹಾಕಲು ಹೋದರೆ ಬೆರಳ ತುದಿಗಳು ಸರಿಯಾಗಿ ಕೂಡುವುದಿಲ್ಲ. ಕಾಲೂ ಅಷ್ಟೇ: ಮಗ್ಗದ ಹಲಗೆಯನ್ನು ತುಳಿಯಲು ಹೋದರೆ ಬೆರಳುಗಳು ಅದನ್ನು ಹಿಡಿದುಕೊಳ್ಳುತ್ತವೆ. ಅವನು ಮನುಷ್ಯನಲ್ಲ ಎಂಬುದು ಓದುಗರಿಗೆ ಇಲ್ಲಿ ತಾಗಬೇಕು.

ಒಂದು ತಪ್ಪು ಎಲ್ಲರೂ ಮಾಡುತ್ತಾರೆ, ಪ್ರಾಣಿಯಾದ ಕೂಡಲೇ ಲೋಕವನ್ನು ಕಪ್ಪು-ಬಿಳುಪು ಮಾಡಿಬಿಡುತ್ತಾರೆ. ಮುಸುವನ ಕಣ್ಣಲ್ಲೂ ನಮ್ಮಂತೆ ಬಣ್ಣ ಗುರುತಿಸುವ ಮೂರು ಬಗೆಯ ಕೋಶಗಳಿವೆ. ಸೆರಗಿನ ಕೆಂಪು ಅವನಿಗೆ ಕೆಂಪಾಗಿಯೇ ಕಾಣಲಿ. ನೇಯ್ದವನಿಗೆ ಬಣ್ಣ ಹಾಗೇ ಉಳಿದು ಬೆರಳು ಮಾತ್ರ ಹೋಗುವುದು ಹೆಚ್ಚು ಕ್ರೂರ.

ಪ್ರಶ್ನೆ: ಬಾಲದ ವಿಷಯ ಹೇಗೆ ಮೇಡಂ? ಮೊದಲ ಪುಟದಲ್ಲೇ ಅವನು ಬಾಲ ಎತ್ತಿ ಗೋಡೆ ಹಾರುತ್ತಾನೆ.

ಉತ್ತರ (ನರವಿಜ್ಞಾನ ಬೋಧಕಿ): ಅಷ್ಟು ಬೇಗ ಬೇಡ. 1998ರಲ್ಲಿ ಪ್ರಕಟವಾದ ರಬ್ಬರ್ ಕೈ ಪ್ರಯೋಗ ನೋಡಿ. ನಿಜವಾದ ಕೈಯನ್ನು ಮರೆಮಾಡಿ, ಕಣ್ಣೆದುರು ರಬ್ಬರಿನ ಕೈ ಇಟ್ಟು, ಎರಡನ್ನೂ ಒಂದೇ ತಾಳದಲ್ಲಿ ಕುಂಚದಿಂದ ಸವರಿದರೆ ಕೆಲವೇ ನಿಮಿಷಗಳಲ್ಲಿ ರಬ್ಬರ್ ಕೈಯೇ ತನ್ನದು ಅನ್ನಿಸತೊಡಗುತ್ತದೆ. ತಾಳ ತಪ್ಪಿಸಿ ಸವರಿದರೆ ಆ ಭ್ರಮೆ ಸೊರಗುತ್ತದೆ. ಕಣ್ಣು ಕಂಡದ್ದೂ ಚರ್ಮ ತಿಳಿದದ್ದೂ ಒಟ್ಟಿಗೆ ಬರಬೇಕು.

ಆದ್ದರಿಂದ ಮೊದಲು ಬೆನ್ನ ಹಿಂದೆ ಏನೋ ಎಳೆದಾಡಿದಂತೆ ಗಾಬರಿಯಾಗಲಿ. ಆಮೇಲೆ ಬಾಗಿಲ ಸಂದಿಗೆ ಬಾಲ ಸಿಕ್ಕುವುದನ್ನು ಅವನು ತಿರುಗಿ ನೋಡಲಿ, ಅದೇ ಗಳಿಗೆಗೆ ನೋವೂ ಬರಲಿ. ಬಾಲ ಅವನದಾಗುವುದು ಆವಾಗ. ಹಾರುವುದು ಅದಾದ ಮೇಲೆ, ಅದೂ ಮೊದಲ ಸಲ ಜಿಗಿತದ ಅಳತೆ ತಪ್ಪಲಿ. ಕೈ ಕಳೆದುಕೊಂಡವರಿಗೆ ಇಲ್ಲದ ಕೈ ನೋಯುತ್ತದಲ್ಲ, ಹಾಗೆಯೇ ಹಳೆಯ ಹೆಬ್ಬೆರಳೂ ಆಗಾಗ ಇದ್ದಂತೆ ಅನ್ನಿಸಲಿ.

ಪ್ರಶ್ನೆ: ಕೊನೆಗೆ ನೆನಪು ಮಾಸಬೇಕು ಎಂಬ ಆಸೆ ಇದೆ. ಹಳೆಯದು ಉಳಿದು ಹೊಸದು ಮೊದಲು ಹೋಗಲಿ ಅಂದುಕೊಂಡಿದ್ದೇನೆ. ಸರಿಯೇ?

ಉತ್ತರ (ಕಥಾ ಸಂಪಾದಕ): ಅದೊಂದೇ ದಾರಿಯಲ್ಲ. ತಂಬಾಕಿನ ಕಂಬಳಿಹುಳುಗಳಿಗೆ ಒಂದು ವಾಸನೆಯ ಜೊತೆ ವಿದ್ಯುತ್ ಆಘಾತ ಕೊಟ್ಟು ನೋಡಿದ 2008ರ ಅಧ್ಯಯನವಿದೆ. ಹುಳುವಿನ ಕೊನೆಯ ಹಂತದಲ್ಲಿ ಕಲಿತವು ಪತಂಗವಾದ ಮೇಲೂ ಆ ವಾಸನೆಗೆ ದೂರ ಸರಿದವು. ಅದಕ್ಕೂ ಮುಂಚಿನ ಮೂರನೇ ಹಂತದಲ್ಲಿ ಕಲಿತವಕ್ಕೆ ಆ ನೆನಪು ಉಳಿದಿರಲಿಲ್ಲ. ಅಂದರೆ ರೂಪ ಬದಲಾಗುವ ಹೊಸ್ತಿಲಲ್ಲಿ ಕಲಿತದ್ದೇ ದಾಟಿಬಂತು. ನಿಮ್ಮ ನೇಕಾರನಿಗೂ ಬಾಲ್ಯ ಅಳಿದು, ಹಿಂದಿನ ರಾತ್ರಿ ಅರ್ಧಕ್ಕೆ ಬಿಟ್ಟ ಸೀರೆಯೊಂದೇ ಉಳಿಯಬಹುದು. ಯಾವ ನಿಯಮವಾದರೂ ಸರಿ, ಒಂದನ್ನು ಹಿಡಿದು ಕಡೆಯವರೆಗೂ ಬಿಡಬೇಡಿ.

ನಮ್ಮಲ್ಲೇ ಇಂಥ ಬಿಗಿ ನಿಯಮದ ಕಥೆಗಳಿವೆ. ಎ.ಕೆ. ರಾಮಾನುಜನ್ ಸಂಗ್ರಹಿಸಿದ ಹೂಮರವಾಗುವ ಹುಡುಗಿಯ ಕಥೆಯಲ್ಲಿ ಒಂದು ಬಿಂದಿಗೆ ನೀರಿಗೆ ಮರ, ಇನ್ನೊಂದಕ್ಕೆ ಮತ್ತೆ ಹುಡುಗಿ. ಕೊಂಬೆ ಮುರಿದರೆ ಆ ಗಾಯ ಅವಳ ಮೈಗೂ ಬರುತ್ತದೆ. ಕಾರ್ನಾಡರ ಹಯವದನ ನಾಟಕದಲ್ಲಿ ಗೆಳೆಯರಿಬ್ಬರ ತಲೆಗಳು ಅದಲುಬದಲಾಗುತ್ತವೆ. ಆಮೇಲೆ ತಲೆಗೆ ತಕ್ಕಂತೆ ಮೈ ಬದಲಾದರೂ, ಗೆಳೆಯನ ಆ ಮೈ ಹೊತ್ತು ತಂದ ಸ್ಪರ್ಶದ ನೆನಪು ಕಪಿಲನನ್ನು ಬಿಡುವುದಿಲ್ಲ.

ತಿದ್ದುವಾಗ "ಅವನಿಗೆ ನೆನಪಾಯಿತು" ಎಂಬ ವಾಕ್ಯಗಳನ್ನೆಲ್ಲ ಹುಡುಕಿ ತೆಗೆಯಿರಿ. ಅಲ್ಲಲ್ಲಿ ಅವನ ಕೈ ಏನಕ್ಕೆ ಚಾಚಿತು, ಏನು ಜಾರಿತು ಎಂದಷ್ಟೇ ಬರೆಯಿರಿ. ಹೆಂಡತಿಯ ಹೆಸರನ್ನು ಒಮ್ಮೆ ಮಾತ್ರ ಹೇಳಲು ಯತ್ನಿಸಲಿ. ಹೊರಡುವುದು ಮುಸುವನ ಕೂಗು, ಅವಳು ಕೋಲು ಎತ್ತಿಕೊಳ್ಳುತ್ತಾಳೆ. ಆ ಭಾಗಕ್ಕೆ ಎರಡು ಪುಟ ಕೊಟ್ಟರೂ ಹೆಚ್ಚಾಗದು.